ಕಾರ್ತೆಲ್ ಎಂದ ಅಕ್ಕೆರು

ಆಗ ನನಗೆ ಇಪ್ಪತ್ತೆರಡು ವರ್ಷ. ಇದೆಲ್ಲ ನಡೆದು ಅರವತ್ತಾರು ವರ್ಷ ಆಯಿತು. ನನ್ನ ಶಾಲೆ ಎರಡನೇ ಕ್ಲಾಸಿಗೆ ಮುಗಿದದ್ದು. ದೊಡ್ಡ ಮಾತು ನನ್ನಿಂದ ಆಗುವುದಿಲ್ಲ, ಕಂಡದ್ದನ್ನು ಕಂಡ ಹಾಗೆ ಹಾಕುತ್ತೇನೆ.

ಪುತ್ತಿಗೆಯಲ್ಲಿ ಒಂದು ಜೈನರ ಮನೆ. ಅಲ್ಲಿ ಮೂರು ವರ್ಷ ನಾನು ಒಬ್ಬ ಹೆಂಗಸನ್ನು ನೋಡಿಕೊಳ್ಳುವ ಕೆಲಸಕ್ಕೆ ಇದ್ದೆ. ಅವರಿಗೆ ನಲವತ್ತರ ಹತ್ತಿರ. ಮನೆಯವರು ಅವರನ್ನು ಅಕ್ಕ ಎನ್ನುತ್ತಿದ್ದರು. ನಾವು ಕೆಲಸದವರು ತುಳುವಿನಲ್ಲಿ ಅಕ್ಕೆರು ಎನ್ನುತ್ತಿದ್ದೆವು. ಅವರಿಗೂ ಒಂದು ಹೆಸರು ಉಂಟು ಎಂದು ನನಗೆ ಗೊತ್ತಾದದ್ದು ಕೋರ್ಟಿನ ಕಾಗದ ಬಂದಾಗ. ಆ ಕಾಗದದಲ್ಲಿ ಹೆಸರಿನ ಪಕ್ಕದಲ್ಲೇ ಬುದ್ಧಿ ಸ್ವಾಧೀನ ಇಲ್ಲದವರು ಎಂದು ಬರೆದಿತ್ತು. ಆದ್ದರಿಂದ ಹೆಸರನ್ನು ನಾನು ಇಲ್ಲಿ ಹಾಕುವುದಿಲ್ಲ. ಅಕ್ಕೆರು ಸತ್ತದ್ದು ಕೊಕ್ಕಡದಲ್ಲಿ. ಸುದ್ದಿ ನನಗೆ ಮುಟ್ಟುವಾಗ ಹನ್ನೊಂದು ದಿನ ಕಳೆದಿತ್ತು. ನಾನು ಅಳಲಿಲ್ಲ. ಅಳುವುದಿದ್ದರೆ ಎರಡು ವರ್ಷ ಮೊದಲೇ ಅಳಬೇಕಿತ್ತು.

ನಾನು ಆ ಮನೆಗೆ ಹೋದದ್ದು ಹತ್ತೊಂಬತ್ತರಲ್ಲಿ. ಗಂಡ ಕಾಫಿ ತೋಟದ ಕೆಲಸಕ್ಕೆಂದು ಘಟ್ಟ ಹತ್ತಿದವನು ಇಳಿಯಲಿಲ್ಲ. ಮೊದಲ ದಿನ ಅಕ್ಕೆರು ನನ್ನ ಎರಡೂ ಕೈ ಹಿಡಿದು ಮೂಸಿ ನೋಡಿದರು.

"ಇದು ಕದಿಯುವ ಕೈ ಅಲ್ಲ" ಎಂದರು.

"ಹೇಗೆ ಗೊತ್ತಾಯಿತು ಅಕ್ಕೆರೆ?"

"ಕದಿಯುವವರು ಸೋಪು ಹಾಕಿ ತೊಳೆದು ಬರ್ತಾರೆ. ನಿನ್ನದು ಸೆಗಣಿ ವಾಸನೆ."

ಆ ವಾರವೇ ನಾನು ಅಡುಗೆಮನೆಯಿಂದ ಒಂದು ಅಚ್ಚು ಬೆಲ್ಲ ಕದ್ದೆ. ಎರಡು ದಿನ ಬಿಟ್ಟು ಅಕ್ಕೆರು ತಾವೇ ಇನ್ನೊಂದು ಅಚ್ಚು ತಂದು ನನ್ನ ಚಾಪೆಯ ಅಡಿಯಲ್ಲಿ ಇಟ್ಟು, "ಪೊಣ್ಣೇ, ಇರುವೆ ಬರ್ತದೆ, ಬೇಗ ತಿಂದು ಮುಗಿಸು" ಎಂದರು. ಪೊಣ್ಣು ಎಂದರೆ ಹುಡುಗಿ. ನನ್ನನ್ನು ಕೊನೆಯವರೆಗೂ ಹಾಗೆಯೇ ಕರೆದರು.

ಅವರಿಗೆ ಏನಾಗಿತ್ತು ಎಂದು ಹೇಳದೆ ಮುಂದೆ ಹೋಗುವ ಹಾಗಿಲ್ಲ. ಹುಚ್ಚು ಎಂದವರು ಹುಚ್ಚರನ್ನು ನೋಡಿಲ್ಲ. ಏನೂ ಇರಲಿಲ್ಲ ಎಂದರೆ ಅದೂ ಸುಳ್ಳು. ಹದಿನೈದರಲ್ಲಿ ಜ್ವರ ತಲೆಗೇರಿ, ಬದುಕಿದ್ದೇ ಹೆಚ್ಚು. ಮದುವೆ ಆಗಲಿಲ್ಲ. ತಿಂಗಳಿಗೆ ಮೂರೋ ನಾಲ್ಕೋ ದಿನ ಕಣ್ಣು ತೆರೆದುಕೊಂಡೇ ಬೇರೆಲ್ಲೋ ಹೋಗಿಬಿಡುತ್ತಿದ್ದರು. ಸತ್ತುಹೋದ ತಾಯಿಯೊಟ್ಟಿಗೆ ಹಲಸಿನ ಹಪ್ಪಳಕ್ಕೆ ಉಪ್ಪು ಹೆಚ್ಚಾಯಿತು ಎಂದು ಜಗಳ ಮಾಡುತ್ತಿದ್ದರು. ಉಳಿದ ದಿನ ಸರಿ. ಸರಿ ಎಂದರೂ ಪೂರ್ತಿ ಅಲ್ಲ. ಇಪ್ಪತ್ತರ ಮೇಲೆ ಎಣಿಕೆ ಬಾರದು. ಯಾರಾದರೂ ಚಂದ ಉಂಟು ಎಂದರೆ ಉಟ್ಟ ಸೀರೆ ಬಿಟ್ಟು ಬೇರೆ ಎಲ್ಲ ಕೊಟ್ಟುಬಿಡುವವರು. ನಾನು ಅವರ ಕೈಗೆ ಬೆಂಕಿಪೆಟ್ಟಿಗೆ ಕೊಡುತ್ತಿರಲಿಲ್ಲ. ಆದರೆ ನನಗೊಂದು ಹಸುಗೂಸು ಇದ್ದಿದ್ದರೆ ಅವರ ಮಡಿಲಿಗೆ ಹಾಕಿ ಗದ್ದೆಗೆ ಹೋಗುತ್ತಿದ್ದೆ. ಎರಡೂ ನಿಜ.

ಬೆಂಕಿಪೆಟ್ಟಿಗೆಯ ಏರ್ಪಾಡು ನನ್ನದಲ್ಲ, ಅವರದೇ. ನಾನು ಬರುವ ಮೊದಲು ಒಮ್ಮೆ ಒಲೆಯ ಮುಂದೆ ಕೂತಲ್ಲೇ ಬೇರೆಲ್ಲೋ ಹೋಗಿ ಸೆರಗು ಸುಟ್ಟುಕೊಂಡಿದ್ದರು. ತೋಳಿನಲ್ಲಿ ಕಲೆ ಇತ್ತು. ಒಂದು ಒಳ್ಳೆಯ ದಿನ ನನ್ನನ್ನು ಕೂರಿಸಿ ಹೇಳಿದರು.

"ಬೆಂಕಿಪೆಟ್ಟಿಗೆ ನಿನ್ನ ಸೊಂಟದಲ್ಲಿ ಇರಲಿ. ನಾನು ಕೇಳಿದರೂ ಕೊಡಬೇಡ. ಬೈತೇನೆ, ಬೈಸಿಕೋ."

"ಹೊಡೆದರೆ?"

"ಹೊಡೆದರೆ ತಿರುಗಿ ಹೊಡೆ. ಇವತ್ತು ನಾನು ಹೇಳ್ತಾ ಇರುವುದು ಮಾತು. ಆ ದಿನ ಹೇಳುವುದು ಮಾತಲ್ಲ."

ಹಾಗೆ ನಡೆಯಿತು. ಮೂರು ವರ್ಷದಲ್ಲಿ ಎರಡು ಸಲ ಹೊಡೆದರು. ಒಂದು ಸಲ ನಾನೂ ಹೊಡೆದೆ. ಮರುದಿನ ಕೆನ್ನೆ ಮುಟ್ಟಿ ನೋಡಿಕೊಂಡು, "ಜೋರು ಉಂಟು ನಿನ್ನ ಕೈ" ಎಂದು ನಕ್ಕರು.

ಆ ಮನೆಯ ಒಳಗೆ ಅವರನ್ನು ಯಾರೂ ಹಿಡಿದುಕೊಳ್ಳಬೇಕಾಗಿರಲಿಲ್ಲ. ಕೆಟ್ಟ ದಿನದಲ್ಲೂ ಕಾಲು ತಪ್ಪದೆ ಬಾವಿಕಟ್ಟೆಗೆ ಹೋಗಿ ನೀರು ಸೇದಿ, ಜೈನರ ಕ್ರಮದಂತೆ ಬಟ್ಟೆಯಲ್ಲಿ ಸೋಸಿ, ಬಟ್ಟೆಯಲ್ಲಿ ಉಳಿದ ಹುಳವನ್ನು ನೀರಿನ ಜೊತೆ ಬಾವಿಗೇ ಬಿಟ್ಟು ಬರುತ್ತಿದ್ದರು. ಹೊತ್ತು ಮುಳುಗುವ ಮೊದಲು ಊಟಕ್ಕೆ ಕೂರುತ್ತಿದ್ದರು. ಅವರ ಬುದ್ಧಿ ಅರ್ಧ ತಲೆಯಲ್ಲಿತ್ತು, ಅರ್ಧ ಆ ಮನೆಯಲ್ಲಿತ್ತು. ಇದು ನನಗೆ ಆಗ ಗೊತ್ತಿರಲಿಲ್ಲ.

ಇನ್ನೊಂದು ಹೇಳಬೇಕು. ತಾರೀಕು ಅವರಿಗೆ ಗೊತ್ತಿಲ್ಲ. ಗೋಡೆಯ ಕ್ಯಾಲೆಂಡರು ಅವರಿಗೆ ಬರೀ ಚಿತ್ರ. ಆದರೆ ತುಳು ತಿಂಗಳು ತಪ್ಪುತ್ತಿರಲಿಲ್ಲ. ಪಗ್ಗು, ಬೇಶ, ಕಾರ್ತೆಲ್, ಆಟಿ ಎಂದು ಬೇಸಾಯದ ಲೆಕ್ಕದಲ್ಲಿ ಹೇಳುತ್ತಿದ್ದರು. ಪಗ್ಗುವಿನಲ್ಲಿ ಬೀಜಕ್ಕೆ ಬಿಸಿಲು ತೋರಿಸಬೇಕು, ಕಾರ್ತೆಲಿನಲ್ಲಿ ಮಳೆ ಹಿಡಿದಾಗ ನೇಜಿ, ಅಂದರೆ ಭತ್ತದ ಸಸಿ, ನೆಟ್ಟು ಮುಗಿಸಬೇಕು, ಆಟಿಯಲ್ಲಿ ಕಣಜ ಬರಿದು. "ಕಾರ್ತೆಲಿನಲ್ಲಿ ಬಗ್ಗದವಳು ಆಟಿಯಲ್ಲಿ ಅಳ್ತಾಳೆ" ಎಂದು ಗದ್ದೆಯ ಹೆಂಗಸರಿಗೆ ಮನೆಯ ಮುಂದಿನ ಚಾವಡಿಯಿಂದಲೇ ಕೂಗುತ್ತಿದ್ದರು. ಅವರೂ ಬಿಡುವವರಲ್ಲ. "ಅಕ್ಕೆರೆ, ನೀವು ಒಮ್ಮೆ ಬಗ್ಗಿ ತೋರಿಸಿ!" ಎಂದರೆ ಇವರು ನಿಜಕ್ಕೂ ಸೀರೆ ಎತ್ತಿ ಕಟ್ಟಿ ಇಳಿದುಬಿಡುತ್ತಿದ್ದರು. ಮತ್ತೆ ಕೆಸರು ತೊಳೆಯುವ ಕೆಲಸ ನನಗೆ.

ಅವರ ತಮ್ಮ ಮೂಡಬಿದಿರೆ ಪೇಟೆಯಲ್ಲಿ ಇದ್ದರು, ಬಟ್ಟೆ ಅಂಗಡಿ. ನಮಗೆ ಅವರು ಧಣಿಗಳು. ಅವರನ್ನು ಕೆಟ್ಟವರು ಎಂದು ಬರೆದು ಮುಗಿಸಿದರೆ ನನಗೆ ಸುಲಭ. ಆದರೆ ಪ್ರತಿ ವಾರ ಬಂದು ಅಕ್ಕನ ಉಗುರು ತಾವೇ ಕತ್ತರಿಸುತ್ತಿದ್ದರು. ಬೇರೆ ಯಾರ ಕೈಗೂ ಅಕ್ಕೆರು ಬೆರಳು ಕೊಡುತ್ತಿರಲಿಲ್ಲ. ತಮ್ಮ ಕತ್ತರಿಸುವಾಗ ಮಾತ್ರ ಮಗುವಿನ ಹಾಗೆ ಕೂರುತ್ತಿದ್ದರು.

ಆ ಮನೆ ಮತ್ತು ಅದರ ಎದುರಿನ ಮಜಲು ಗದ್ದೆ ತಾಯಿಯ ಕಡೆಯಿಂದ ಅಕ್ಕೆರ ಪಾಲಿಗೆ ಬಂದದ್ದು. ಗೇಣಿಯವರಿಗೇ ಭೂಮಿ ಹೋಗುತ್ತದಂತೆ ಎಂಬ ಮಾತು ಆಗಲೇ ಶುರುವಾಗಿತ್ತು. ಇದ್ದವರು ಮಾರುವ ಗಡಿಬಿಡಿಯಲ್ಲಿದ್ದರು. ಧಣಿಗಳೂ ಒಬ್ಬ ಗಿರಾಕಿಯನ್ನು ಹಿಡಿದರು. ಅಕ್ಕ ಒಂದು ರುಜು ಹಾಕಿದರೆ ಆಯಿತು, ಆಮೇಲೆ ಅಕ್ಕನನ್ನು ಪೇಟೆಯ ಮನೆಗೆ ಕರೆದುಕೊಂಡು ಹೋಗುವುದು ಎಂದು ಲೆಕ್ಕ. ಕಾಗದ ಪತ್ರ ಎಲ್ಲ ಮಾಡಿಸಿ ನಮ್ಮಿಬ್ಬರನ್ನೂ ಬಂಟ್ವಾಳದ ರಿಜಿಸ್ಟ್ರಾಫೀಸಿಗೆ ಕರೆದುಕೊಂಡು ಹೋದರು.

ಅಲ್ಲಿಯ ಅಧಿಕಾರಿ ವಯಸ್ಸಾದವರು, ನಮ್ಮ ಕಡೆಯವರೇ. ಕಾಗದ ಓದಿ, ಕನ್ನಡಕ ತೆಗೆದು, ತುಳುವಿನಲ್ಲೇ ಕೇಳಿದರು.

"ಅಕ್ಕ, ಈ ಗದ್ದೆ, ಮನೆ ಮಾರಲಿಕ್ಕೆ ನಿಮಗೆ ಮನಸ್ಸು ಉಂಟಾ?"

"ಇಲ್ಲ."

"ಮತ್ತೆ ಯಾಕೆ ಬಂದದ್ದು?"

"ಬಸ್ಸಿನಲ್ಲಿ ಕಿಟಕಿ ಬದಿ ಕೂರಿಸ್ತೇನೆ ಅಂತ ತಮ್ಮ ಹೇಳಿದ."

ಅಲ್ಲಿದ್ದವರೆಲ್ಲ ನಕ್ಕರು. ಅಧಿಕಾರಿ ನಗಲಿಲ್ಲ.

"ಗದ್ದೆ ಹೋದರೆ ಏನಾಗ್ತದೆ, ಗೊತ್ತುಂಟಾ?"

"ನಾನು ಎಲ್ಲಿ ಕೂತು ಬೈಯುವುದು ಮತ್ತೆ?" ಎಂದರು ಅಕ್ಕೆರು.

ಅಧಿಕಾರಿ ಕಾಗದ ಮಡಚಿ ಧಣಿಗಳ ಕೈಗೆ ಕೊಟ್ಟರು. "ಇವರು ಒಪ್ಪುವುದಿಲ್ಲ. ನನ್ನಿಂದ ಆಗುವುದಿಲ್ಲ. ಕರೆದುಕೊಂಡು ಹೋಗಿ." ಆ ಮೂರು ವರ್ಷದಲ್ಲಿ ಅಕ್ಕೆರ ಮಾತಿಗೆ ಒಬ್ಬ ಅಧಿಕಾರಿ ಬೆಲೆ ಕೊಟ್ಟದ್ದು ಆ ಒಂದು ಸಲ. ಅದೇ ಅವರಿಗೆ ಮುಳುವಾಯಿತು.

ಹಿಂದೆ ಬರುವಾಗಲೂ ಧಣಿಗಳು ಅವರನ್ನು ಕಿಟಕಿಯ ಬದಿಯಲ್ಲೇ ಕೂರಿಸಿದರು. "ತಮ್ಮಾ, ಕೋಪವಾ?" ಎಂದು ಅಕ್ಕೆರು ನಾಲ್ಕು ಸಲ ಕೇಳಿದರು. "ಇಲ್ಲ ಅಕ್ಕ, ಹೊರಗೆ ನೋಡು" ಎಂದರು.

ಬೇಡ ಎನ್ನುವಷ್ಟು ಬುದ್ಧಿ ಇದ್ದರೆ ಮಾರಲಿಕ್ಕೆ ಆಗುವುದಿಲ್ಲ. ಬುದ್ಧಿಯೇ ಇಲ್ಲ ಎಂದಾದರೆ ಆಗುತ್ತದೆ. ಅವರ ಬದಲು ಇನ್ನೊಬ್ಬರು ರುಜು ಹಾಕಬಹುದು, ಕೋರ್ಟಿನ ಅಪ್ಪಣೆ ಬೇಕು ಅಷ್ಟೆ. ಇದನ್ನು ಯಾವನೋ ವಕೀಲ ಧಣಿಗಳಿಗೆ ಹೇಳಿಕೊಟ್ಟ. ಒಬ್ಬ ಡಾಕ್ಟರು ಬಂದು ಅಕ್ಕೆರ ನಾಲಿಗೆ ನೋಡಿ, ಮೊಣಕಾಲಿಗೆ ತಟ್ಟಿ, ಒಂದು ಸರ್ಟಿಫಿಕೇಟು ಬರೆದರು. ದೊಡ್ಡ ಕೋರ್ಟಿಗೆ ಅರ್ಜಿ ಹೋಯಿತು. ಅಲ್ಲಿಂದ ಒಬ್ಬರನ್ನು ಮನೆಗೇ ಕಳುಹಿಸಿದರು, ಹೆಂಗಸಿನ ಬುದ್ಧಿ ಹೇಗುಂಟು ಎಂದು ಕೇಳಿ ಬರೆದು ತರಲಿಕ್ಕೆ. ಅದಕ್ಕೆ ಕಮಿಷನ್ ಎನ್ನುತ್ತಾರೆ.

ಕಮಿಷನಿಗೆ ಬಂದವರು ಸಣ್ಣ ಪ್ರಾಯದ ವಕೀಲರು. ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿ ಆಗ ಮೂರು ವರ್ಷ ಆಗಿರಬೇಕು. ಇವರು ಘಟ್ಟದ ಮೇಲಿನವರು, ತುಳು ಬಾರದು. ಮಳೆಯಲ್ಲಿ ನೆನೆದು ಬಂದಿದ್ದರು. ನಾನು ತಲೆ ಒರೆಸಲಿಕ್ಕೆ ಬೈರಾಸು ಕೊಟ್ಟೆ. ಒಳ್ಳೆಯ ಜನ, ಅದನ್ನೂ ಬರೆಯಬೇಕು. ಚಾವಡಿಯಲ್ಲಿ ಅಕ್ಕೆರ ಎದುರು ಕೂತು, "ಹೆದರ್ಕೋಬೇಡಿ ಅಮ್ಮಾ, ನಿಧಾನಕ್ಕೆ ಹೇಳಿ" ಎಂದರು. ಪಕ್ಕದಲ್ಲಿ ಧಣಿಗಳು. ಹಿಂದೆ ನಾನು. ಅಕ್ಕೆರಿಗೆ ಅದು ಒಳ್ಳೆಯ ದಿನ. ನಾನು ತಲೆ ಬಾಚಿ ಹೂ ಮುಡಿಸಿದ್ದೆ. ಅವರಿಗೆ ಪುಸ್ತಕದ ಕನ್ನಡ ಅರ್ಥವಾಗುತ್ತಿತ್ತು, ಬಾಯಿಗೆ ಬರುವಾಗ ಅರ್ಧ ತುಳು.

"ನಮ್ಮ ದೇಶ ಆಳೋರು ಯಾರಮ್ಮಾ?"

"ಗೊತ್ತಿಲ್ಲ. ಈ ಬದಿಗೆ ಬಂದವರಲ್ಲ."

ಅವರು ಬರೆದುಕೊಂಡರು.

"ಇದು ಯಾವ ತಿಂಗಳು?"

ಅಕ್ಕೆರ ಮುಖ ಅರಳಿತು. ಗೊತ್ತಿದ್ದ ಪ್ರಶ್ನೆ ಬಂತಲ್ಲ. ಎದುರಿನ ಮಜಲು ಗದ್ದೆಯಲ್ಲಿ ಹೆಂಗಸರು ಬಗ್ಗಿ ನೇಜಿ ನೆಡುತ್ತಿದ್ದರು. ಅತ್ತ ಕೈ ತೋರಿಸಿ ಗಟ್ಟಿಯಾಗಿ ಹೇಳಿದರು. "ಕಾರ್ತೆಲ್."

"ಕಾರ್ತೀಕ?" ಎಂದರು ಆ ವಕೀಲರು.

"ಹ್ಞಾ, ಕಾರ್ತೆಲ್, ಕಾರ್ತೆಲ್!"

ಅವರು ಹೊರಗೆ ಸುರಿಯುವ ಮಳೆಯನ್ನು ಒಮ್ಮೆ ನೋಡಿದರು. ಪಾಪ ಎನ್ನುವ ಹಾಗೆ ಅಕ್ಕೆರನ್ನು ನೋಡಿದರು. ಆಮೇಲೆ ಬರೆದರು. ನಾನು ನಿಂತಲ್ಲಿಂದ ಅಕ್ಷರ ತಲೆಕೆಳಗಾಗಿ ಕಾಣುತ್ತಿತ್ತು. ನನಗೆ ಕೂಡಿಸಿ ಓದಲಿಕ್ಕೆ ಹೊತ್ತು ಬೇಕು. ಕಾ. ರ್ತಿ. ಕ. ದೀಪಾವಳಿ ಕಳೆದು ಬರುವ ತಿಂಗಳು. ಮಳೆಗಾಲದ ನಡುವಿನಲ್ಲಿ ಕೂತು ಈ ಹೆಂಗಸು ಕಾರ್ತಿಕ ಎನ್ನುತ್ತಾಳೆ ಎಂದು ಅವರು ತಿಳಿದುಕೊಂಡರು.

ಆಮೇಲೆ ನನ್ನನ್ನು ಕೇಳಿದರು. ಇವರು ಸತ್ತವರ ಜೊತೆ ಮಾತಾಡುತ್ತಾರಾ? ಕೆಲವು ದಿನ ಹೌದು ಎಂದೆ. ಬೆಂಕಿಪೆಟ್ಟಿಗೆ ನೀನು ಅಡಗಿಸಿ ಇಡುತ್ತೀಯಾ? ಹೌದು ಎಂದೆ, ಅವರೇ ಹೇಳಿದ್ದು ಎಂದೂ ಹೇಳಿದೆ. ಮೊದಲನೆಯದನ್ನು ಬರೆದರು. ಎರಡನೆಯದನ್ನು ಬರೆಯಲಿಲ್ಲ. ಹೊಡೆಯುತ್ತಾರಾ? ಎರಡು ಸಲ ಎಂದೆ. ನಾನು ಒಂದೇ ಒಂದು ಸುಳ್ಳು ಹೇಳಲಿಲ್ಲ.

ಕೊನೆಗೆ ಎಲ್ಲ ಓದಿ ಹೇಳಿದರು. ಕಾರ್ತಿಕ ಎಂಬಲ್ಲಿಗೆ ಬಂದಾಗ ನಾನು ಬಾಯಿ ಹಾಕಿದೆ.

"ಸ್ವಾಮೀ, ಅದು ಕಾರ್ತಿಕ ಅಲ್ಲ. ಕಾರ್ತೆಲ್."

"ಏನಮ್ಮಾ ಎರಡಕ್ಕೂ ವ್ಯತ್ಯಾಸ?" ಎಂದು ಕೇಳಿದರು. ನಿಜವಾಗಿಯೇ ಕೇಳಿದರು, ಪೆನ್ನು ಎತ್ತಿ ಹಿಡಿದಿದ್ದರು. ನನಗೆ ಕನ್ನಡದಲ್ಲಿ ಮಾತು ಜೋಡಿಸಲಿಕ್ಕೆ ತಡವಾಯಿತು. ಅಷ್ಟರಲ್ಲಿ ಧಣಿಗಳು ಹೇಳಿದರು.

"ಇಲ್ಲಿಯ ಕೆಲಸದವರು ಕಾರ್ತಿಕಕ್ಕೆ ಹಾಗೆ ಹೇಳುವುದು. ಶಾಲೆಗೆ ಹೋದವರಲ್ಲ."

ಅವರೂ ಅದೇ ಮನೆಯಲ್ಲಿ ಹುಟ್ಟಿದವರು. ಕಾರ್ತೆಲ್ ಎಂದರೇನು ಎಂದು ಗೊತ್ತಿತ್ತು. ಹೇಳಿ ನನ್ನ ಮುಖ ನೋಡಿದರು. ತೋಡಾರಿನಲ್ಲಿ ನನ್ನ ತಾಯಿ, ಇಬ್ಬರು ತಂಗಿಯರು ಕೂತದ್ದು ಅವರ ಜಾಗದಲ್ಲಿ, ಅವರು ಎಬ್ಬಿಸಿದರೆ ಏಳಬೇಕು. ಅದನ್ನು ಅವರು ಬಾಯಿ ಬಿಟ್ಟು ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ. ನಾನು ಬಾಯಿ ಮುಚ್ಚಿದೆ.

"ನಿಂಗೆ ಬರೆಯೋಕೆ ಬರುತ್ತಾ?" ಎಂದು ವಕೀಲರು ಕೇಳಿದರು.

"ಹೆಸರು ಬರ್ತದೆ" ಎಂದೆ, ಸ್ವಲ್ಪ ಜಂಬದಲ್ಲೇ. ತೋರಿಸಿದ ಕಡೆ ಬರೆದೆ. ಮೂರು ಅಕ್ಷರ.

ಅವರು ಹೋದ ಮೇಲೆ ಅಕ್ಕೆರು ಕೇಳಿದರು.

"ಪೊಣ್ಣೇ, ನಾನು ಪಾಸಾ?"

"ಪಾಸು."

"ಮತ್ತೆ ನಿನ್ನ ಮುಖ ಯಾಕೆ ಹುಳಿ ಮಾವಿನಕಾಯಿ ಕಚ್ಚಿದ ಹಾಗೆ?"

"ಹಸಿವು" ಎಂದೆ. ಎದ್ದು ಹೋಗಿ ಅವಲಕ್ಕಿ ಕಲಸಿ ತಂದರು. ತಿಂದೆ.

ಆರ್ಡರು ಬಂದಾಗ ನಿಜಕ್ಕೂ ಕಾರ್ತಿಕವೇ ಆಗಿತ್ತು. ಧಣಿಗಳ ವಕೀಲರ ಗುಮಾಸ್ತ ಮನೆಗೆ ತಂದು ಓದಿದ. ಆಸ್ತಿಯ ಮೇಲ್ವಿಚಾರಣೆ ತಮ್ಮನಿಗೆ. ವರ್ಷಕ್ಕೊಮ್ಮೆ ಕೋರ್ಟಿಗೆ ವರದಿ ಕೊಡಬೇಕು, ಅಕ್ಕನ ಊಟ ಬಟ್ಟೆಗೆ ಕಡಿಮೆ ಆಗಬಾರದು. ಅಲ್ಲಿಯವರೆಗೆ ನನಗೆ ಅರ್ಥವಾಯಿತು. ಮುಂದೆ ಓದಿದ್ದು ಅರ್ಥವಾಗಲಿಲ್ಲ. ಅಕ್ಕೆರ ಶರೀರದ ಪೋಷಣೆ ಕೊಕ್ಕಡದ ಒಬ್ಬ ಹೆಂಗಸಿಗೆ ಎಂದು ಇತ್ತು. ಅವರು ಅಕ್ಕೆರ ದೊಡ್ಡಮ್ಮನ ಮಗಳು. ಆ ಮನೆಗೆ ಅಕ್ಕೆರು ಒಮ್ಮೆಯೂ ಹೋದವರಲ್ಲ.

"ಅದು ಯಾಕೆ ಕೊಕ್ಕಡ?" ಎಂದೆ.

"ತಮ್ಮನೇ ವಾರಸುದಾರ ಅಲ್ವಾ" ಎಂದ ಗುಮಾಸ್ತ. "ಸತ್ತರೆ ಆಸ್ತಿ ಯಾರಿಗೆ ಬರ್ತದೋ ಅವರ ಕೈಗೇ ಇವರನ್ನು ಕೊಟ್ಟರೆ, ನಾಳೆ ಏನಾದರೂ ಮಾಡಿಬಿಟ್ಟರೆ? ಅದಕ್ಕೇ ಬೇರೆಯವರು ಆಗಬೇಕು. ಇವರ ರಕ್ಷಣೆಗೇ ಇದು."

"ಮನೆ ಬಿಡಿಸುವುದು ರಕ್ಷಣೆಯಾ?"

"ಮನೆ ಬಿಡಿಸಿ ಅಂತ ಎಲ್ಲಿ ಬರೆದಿದೆ ಮಾರಾಯ್ತಿ? ನೋಡಿಕೊಳ್ಳುವವರು ಕೊಕ್ಕಡದಲ್ಲಿ ಇದ್ದಾರೆ, ಅಷ್ಟೇ."

"ಅವರೇ ಇಲ್ಲಿಗೆ ಬರಲಿ."

"ಅವರಿಗೆ ಗಂಡ ಮಕ್ಕಳು ಇಲ್ವಾ?"

"ತಕರಾರು ಹಾಕ್ಲಿಕ್ಕೆ ಉಂಟಾ?"

"ಉಂಟು. ಸಂಬಂಧದವರು ಹಾಕಬಹುದು. ನೀನು ಅವರಿಗೆ ಏನಾಗಬೇಕು?"

ನಾನು ಅವರಿಗೆ ಏನೂ ಆಗಬೇಕಾಗಿರಲಿಲ್ಲ.

ಧಣಿಗಳಿಗೂ ಇದು ಗೊತ್ತಿರಲಿಲ್ಲ ಎಂದು ನನಗೆ ಅನ್ನಿಸಿತು. ಅವರು ಅಕ್ಕನನ್ನು ಪೇಟೆಗೆ ಕರೆದುಕೊಂಡು ಹೋಗುವುದು ಎಂದೇ ಇದ್ದವರು. ಗುಮಾಸ್ತನ ಕೈಯಿಂದ ಕಾಗದ ಕಿತ್ತು ಎರಡು ಸಲ ಓದಿದರು. ಆಮೇಲೆ ಕತ್ತರಿ ತರಿಸಿ ಅಕ್ಕನ ಉಗುರು ಕತ್ತರಿಸಿದರು. ಹಿಂದಿನ ವಾರವೇ ಕತ್ತರಿಸಿ ಆಗಿತ್ತು. ಕತ್ತರಿಸಲಿಕ್ಕೆ ಏನೂ ಇರಲಿಲ್ಲ.

ಕೊಕ್ಕಡಕ್ಕೆ ಬಿಟ್ಟು ಬರುವ ಕೆಲಸ ನನಗೇ ಬಂತು. ಧಣಿಗಳು ಮೂಡಬಿದಿರೆಯ ಬಸ್ಸಿಗೆ ಹತ್ತಿಸಿ ಅಲ್ಲೇ ಉಳಿದರು. ಬೆಳ್ತಂಗಡಿಯಲ್ಲಿ ಬಸ್ಸು ಬದಲಿಸಿದೆವು. ಅಕ್ಕೆರಿಗೆ ಖುಷಿ, ದಾರಿಯಲ್ಲಿ ಕಂಡ ದನಗಳಿಗೆಲ್ಲ ಹೆಸರು ಇಟ್ಟರು. ಕೊಕ್ಕಡದ ಆ ದೊಡ್ಡಮ್ಮನ ಮಗಳು ಕೆಟ್ಟವರಲ್ಲ. ಬಿಸಿನೀರು ಕಾಯಿಸಿ ಇಟ್ಟಿದ್ದರು. ಹಾಸಿಗೆಗೆ ಹೊಸ ಬಟ್ಟೆ ಹಾಕಿದ್ದರು. ಬೆಂಕಿಯ ವಿಷಯ, ಒಳ್ಳೆಯ ದಿನ, ಕೆಟ್ಟ ದಿನದ ವಿಷಯ ನಾನು ಎಲ್ಲ ಹೇಳಿದೆ. ಕೇಳಿದರು. "ನಮಗೆ ಅದೆಲ್ಲ ನೋಡಿಕೊಂಡು ಕೂರಲಿಕ್ಕೆ ಆಗುವುದಿಲ್ಲ. ಅಡುಗೆಮನೆ ಕಡೆ ಬಿಡದಿದ್ದರೆ ಆಯಿತಲ್ಲ" ಎಂದರು. ಅವರ ಮಾತಿನಲ್ಲಿ ತಪ್ಪಿರಲಿಲ್ಲ.

ಮಧ್ಯಾಹ್ನ ಅಕ್ಕೆರು ನೀರು ಸೇದಲಿಕ್ಕೆಂದು ಎದ್ದರು. ಪುತ್ತಿಗೆಯಲ್ಲಿ ಬಾವಿ ಇದ್ದ ಕಡೆಗೆ ಸೀದಾ ನಡೆದರು. ಅಲ್ಲಿ ದನದ ಹಟ್ಟಿಯ ಗೋಡೆ. ಗೋಡೆಗೆ ಕೈ ಇಟ್ಟು ನಿಂತರು. ಎಡಕ್ಕೆ ತಡವಿದರು, ಬಲಕ್ಕೆ ತಡವಿದರು.

"ಪೊಣ್ಣೇ, ಬಾವಿ ಎಲ್ಲಿಗೆ ಹೋಯಿತು?"

ಆ ಮನೆಯ ಮಕ್ಕಳು ನಕ್ಕವು. ದೊಡ್ಡಮ್ಮನ ಮಗಳು ಮಕ್ಕಳಿಗೆ ಗದರಿಸಿ, ನನ್ನ ಹತ್ತಿರ ಮೆಲ್ಲಗೆ, "ಪಾಪ, ಇಷ್ಟು ಉಂಟು ಅಂತ ನನಗೆ ಗೊತ್ತಿರಲಿಲ್ಲ. ಕೋರ್ಟಿನವರು ಬರೆದದ್ದು ಸರಿಯೇ" ಎಂದರು. ಪುತ್ತಿಗೆಯಲ್ಲಿ ಸುಳ್ಳಾಗಿದ್ದ ಕಾಗದ ಕೊಕ್ಕಡದಲ್ಲಿ ಅರ್ಧ ದಿನದ ಒಳಗೆ ನಿಜವಾಯಿತು.

ನಾನು ಬಿಟ್ಟು ಬಂದ ಮೇಲೆ ಆದದ್ದನ್ನು ಆ ಕಡೆಯಿಂದ ಬಂದವರು ಆಗಾಗ ಹೇಳುತ್ತಿದ್ದರು. ಅಡುಗೆಮನೆಗೆ ಬೀಗ. ಆಮೇಲೆ ಜಗಲಿಗೆ ಬೀಗ. ಆಮೇಲೆ ಮಾತು ನಿಂತಿತಂತೆ. ತಿಂಗಳಲ್ಲಿ ಮೂರು ನಾಲ್ಕು ದಿನ ಇದ್ದದ್ದು ಮೂವತ್ತು ದಿನವೂ ಆಯಿತಂತೆ. ಕೋರ್ಟಿನಿಂದ ನೋಡಲಿಕ್ಕೆ ಯಾರಾದರೂ ಬಂದರಾ ಎಂದು ನಾನು ಪ್ರತಿ ಸಲ ಕೇಳುತ್ತಿದ್ದೆ. ಯಾರೂ ಬಂದಿರಲಿಲ್ಲ. ಮಜಲು ಗದ್ದೆ ಅಷ್ಟರಲ್ಲಿ ಮಾರಿ ಆಗಿತ್ತು, ಕೋರ್ಟಿನ ಅಪ್ಪಣೆ ಪಡೆದೇ.

ಬಿಟ್ಟು ಬಂದ ಆ ದಿನ ನಾನು ಹೊರಡುವಾಗ ಅಕ್ಕೆರು ಮಧ್ಯಾಹ್ನದ ಊಟಕ್ಕೆ ಕೂತಿದ್ದರು. ನನ್ನ ಮಣಿಕಟ್ಟು ಹಿಡಿದರು.

"ಸಂಜೆ ಬಸ್ಸಿಗೆ ಹೋಗುವ, ಅಲ್ವಾ? ಇಲ್ಲಿ ನನಗೆ ಏನೂ ಸಿಗುವುದಿಲ್ಲ."

"ಹೋಗುವ. ನೀವು ಉಣ್ಣಿ" ಎಂದೆ.

"ಕಿಟಕಿ ಬದಿ ನೀನು ಕೂತುಕೋ. ಬರುವಾಗ ನಾನು ಕೂತದ್ದಲ್ವಾ."

"ಆಯಿತು" ಎಂದೆ. ಕೈ ಬಿಟ್ಟು ಅನ್ನಕ್ಕೆ ಕೈ ಹಾಕಿದರು. ನಾನು ಹಿಂದಿನ ಬಾಗಿಲಿನಿಂದ ಹೋದೆ. ತಿರುಗಿ ನೋಡಲಿಲ್ಲ. ನೋಡಿದ್ದರೂ ಗೋಡೆಯೇ ಕಾಣುತ್ತಿದ್ದದ್ದು.

ತೋಡಾರಿಗೆ ಮುಟ್ಟುವಾಗ ದೀಪ ಹಚ್ಚುವ ಹೊತ್ತು. ತಾಯಿ ಗಂಜಿ ಬಡಿಸಿದಳು. ಧಣಿಗಳು ಹೇಳಿ ಕಳುಹಿಸಿದ್ದರಂತೆ, ಪೇಟೆಯ ಮನೆಗೆ ಕೆಲಸಕ್ಕೆ ಬರಲಿ ಎಂದು.

ಮರುದಿನ ಬೆಳಿಗ್ಗೆ ನಾನು ಅಲ್ಲಿಗೆ ಹೋಗಲಿಲ್ಲ. ಪಕ್ಕದ ಮನೆಯ ಹೆಂಗಸಿನ ಜೊತೆ ಬೀಡಿ ಕಂಪನಿಯ ಬ್ರಾಂಚಿಗೆ ಹೋಗಿ ಎಲೆ, ತಂಬಾಕು ಕೇಳಿದೆ. ಕಟ್ಟಲಿಕ್ಕೆ ಬರುತ್ತದಾ ಎಂದರು. ಕಲಿಯುತ್ತೇನೆ ಎಂದೆ. ಹೆಸರು ಕೇಳಿ ಬರೆದುಕೊಂಡು, ಪುಸ್ತಕ ನನ್ನ ಕಡೆ ತಿರುಗಿಸಿ, "ರುಜು ಹಾಕ್ಲಿಕ್ಕೆ ಬರ್ತದಾ?" ಎಂದರು.

"ಇಲ್ಲ" ಎಂದೆ. ಶಾಯಿಯ ಡಬ್ಬಿ ಮುಂದಕ್ಕೆ ದೂಡಿದರು. ಹೆಬ್ಬೆಟ್ಟು ಒತ್ತಿದೆ.